ಗೇಟು ಎತ್ತುವ ಮೊದಲು

ಹೊಳೆಗೆ ನೀರು ಬಿಡುವುದು ಸುಲಭ, ಹೊಳೆಯಲ್ಲಿರುವ ಮಂದಿಯನ್ನು ಮೇಲೆ ತರುವುದೇ ಕಷ್ಟ. ಗೋಕಾಕ ತಾಲೂಕಿನ ಒಂದು ಸಣ್ಣ ಬ್ಯಾರೇಜಿನಲ್ಲಿ ಗೇಟು ಎತ್ತಿ ಇಳಿಸುತ್ತಲೇ ನೌಕರಿ ಮುಗಿಸಿದವನು ನಾನು. ಹುಕ್ಕೇರಿ ಕಡೆಯ ದೊಡ್ಡ ಆಣೆಕಟ್ಟಿನಿಂದ ನೀರು ಬಿಟ್ಟರೆಂದರೆ ನಮ್ಮಲ್ಲಿ ಏನಾದರೊಂದು ತಮಾಷೆ ಆಗಲೇಬೇಕು.

ಸೈರನ್

ಸೈರನ್ ಹೊಸದಾಗಿ ಬಂದಾಗ ನಮ್ಮ ಇಂಜಿನಿಯರ್ ಸಾಹೇಬರು ಊರವರಿಗೆಲ್ಲ ತಿಳಿಸಿ ಹೇಳಿದ್ದರು: ಇದು ಕೂಗಿದರೆ ಹೊಳೆ ಬಿಟ್ಟು ಮೇಲೆ ಬರಬೇಕು. ಮೊದಲ ದಿನ ಕೂಗಿಸಿದೆ. ಊರಿಗೆ ಊರೇ ನೀರು ನೋಡಲು ಹೊಳೆಗೆ ಇಳಿಯಿತು! ಚುರುಮುರಿ ಮಾರುವವನೂ ಬಂದ. ಕಡೆಗೆ ನಾನೇ ಗಂಟಲು ಹರಿಯುವಂತೆ, "ಎಮ್ಮಿ ಕಬ್ಬಿನಾಗ ಹೊಕ್ಕಾವ್ರೋ!" ಎಂದು ಕೂಗಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೊಳೆ ಖಾಲಿ.

ದೂರದಲ್ಲಿ ನಿಂತಿದ್ದ ಸಾಹೇಬರು ಹಿಗ್ಗಿ ಹೇಳಿದರು: "ಸೈರನ್ ಭಾರೀ ಐತಿ ನೋಡ್ರಿ!"

ಉಡಿ

ಹೊಸ ನೀರು ಬಂದಾಗ ಹೆಣ್ಣುಮಕ್ಕಳು ಗಂಗವ್ವನಿಗೆ ಉಡಿ ತುಂಬುತ್ತಾರೆ. ಒಂದು ವರ್ಷ ಕೆಸರಿಗೆ ಹೆದರಿ ಹೊಳೆಗಿಳಿಯದೆ, ಗೇಟು ಎತ್ತುವ ಹ್ಯಾಂಡಲ್ಲಿಗೇ ಖಣ ಸುತ್ತಿ ಹಸಿರು ಬಳೆ ಏರಿಸಿಬಿಟ್ಟರು. ತಪಾಸಣೆಗೆ ಬಂದ ಸಾಹೇಬರು, "ತಿರುಗಿಸಿ ತೋರಸ್ರಿ" ಎಂದರು. ಒಬ್ಬ ಅಜ್ಜಿ ಅಡ್ಡ ನಿಂತಳು.

"ಉಡಿ ತುಂಬಿದಾಕೀನ್ನ ಇವತ್ತೊಂದಿನರ ಕುಂದ್ರಸ್ರಿ ಸಾಹೇಬ್ರ. ದಿನಾ ದುಡೀತಾಳ."

ಸಾಹೇಬರು ಕುಂಕುಮ ಹಚ್ಚಿಸಿಕೊಂಡು ಹೋದರು. ಈಗ ಗುಂಡಿ ಒತ್ತಿದರೆ ಗೇಟು ಏಳುತ್ತದೆ. ಬಳೆ ಏರಿಸಲು ಜಾಗವೇ ಇಲ್ಲ, ನನಗೆ ಅದೇ ಬೇಸರ.

ಮಾವ

ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು. ಹೊಳೆ ತುಂಬುವುದೂ ಆಗಲೇ. ಗೇಟು ಬಿಟ್ಟು ಕದಲಲಾಗದ ನನಗೆ ರೊಟ್ಟಿಗೆ ಗತಿಯಿಲ್ಲದಂತಾಗುತ್ತದೆ ಎಂದು ನಾನು ಪ್ರತಿ ವರ್ಷ ಹೆಂಡತಿಯನ್ನು ತಡೆಯುತ್ತಿದ್ದೆ. ಒಮ್ಮೆ ಮಮದಾಪುರದಿಂದ ಮಾವನವರೇ ಕರೆಯಲು ಬಂದರು. ಅವರು ಈಗಿಲ್ಲ, ಪಂಚಮಿ ಬಂದಾಗೆಲ್ಲ ಬಹಳ ನೆನಪಾಗುತ್ತಾರೆ. ಅಂದು ನಾನು ಒಲ್ಲೆ ಎಂದೆ. ಅವರು ನೆಟ್ಟಗೆ ಹೋಗಿ ಗೇಟಿನ ಕೆಳಗಿನ ಬಂಡೆಯ ಮೇಲೆ ಕುಳಿತುಬಿಟ್ಟರು. ಅಷ್ಟರಲ್ಲಿ ಫೋನು ಬಂತು: ನೀರು ಬರುತ್ತಿದೆ, ಗೇಟು ಎತ್ತು. ಎತ್ತಿದರೆ ಮಾವ ಹೋಗುತ್ತಾರೆ, ಎತ್ತದಿದ್ದರೆ ನೌಕರಿ ಹೋಗುತ್ತದೆ.

"ಮ್ಯಾಲ ಬರ್ರಿ ಮಾವಾರ, ನೀರ ಬರಾಕತ್ತೈತಿ!"

"ಮಗಳ್ನ ಕಳಸ್ತೀರೇನ್ರಿ ಅಳಿಯಾರ?"

"ಕಳಸ್ತೀನ್ರಿ!"

"ಎಲ್ಲೀತನಕ?"

"ಪಂಚಮಿ ಮುಗಿಯೂತನಕ!"

"ಅದು ನಾಡಿದ್ದ ಮುಗೀತೈತಿ. ಗಣಪತಿ ಹಬ್ಬದ ತನಕ ಅನ್ರಿ."

"ಆತ್ರಿ, ಗಣಪತಿ ತನಕ! ಏಳ್ರಿ ಇನ್ನ!"

ಮಾವ ಧೋತರ ಝಾಡಿಸಿ ಏಳಹೋದರು. ನನ್ನ ಬೆನ್ನ ಹಿಂದಿನಿಂದ ಹೆಂಡತಿ ಕೂಗಿದಳು:

"ಅಪ್ಪಾ, ಈಗ ಏಳಬ್ಯಾಡ! ಸೀರಿದೊಂದ ಮಾತ ಮುಗಿಸೇ ಏಳು!"