ನಗದುರಾಯನ ಜಾಮೀನು

ಜೀವಮಾನದಲ್ಲಿ ಯಾರ ಮುಂದೆಯೂ ಕೈಯೊಡ್ಡಿದವನಲ್ಲ ನಾನು, ಇನ್ನು ಮುಂದೆಯೂ ಒಡ್ಡುವವನಲ್ಲ! ಸೂಜಿಯಿಂದ ಸೋಫಾದವರೆಗೆ ನಮ್ಮ ಮನೆಯಲ್ಲಿರುವುದೆಲ್ಲ ದುಡ್ಡು ಎಣಿಸಿ ತಂದದ್ದು. ಅದಕ್ಕೇ ಮುದ್ರಣಾಲಯದಲ್ಲಿ ಕರಡು ತಿದ್ದುವ ನನ್ನನ್ನು ನನ್ನ ಗೆಳೆಯ 'ನಗದುರಾಯ' ಎನ್ನುತ್ತಿದ್ದ. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಿಟ್ಟಿದ್ದ ಅವನನ್ನು ನಾನು 'ಕಂತುರಾಯ' ಎನ್ನುತ್ತಿದ್ದೆ. ಫ್ರಿಜ್ಜು ಕಂತಿನದು, ಬೀರು ಕಂತಿನದು, ಮೂಗಿನ ಮೇಲಿನ ಕನ್ನಡಕದಲ್ಲೂ ಒಂದು ಗಾಜು ಇನ್ನೂ ಅಂಗಡಿಯವನದೇ!

"ಊರಿನ ಸಾಲಗಾರರ ಪಟ್ಟಿಯಲ್ಲಿ ನಿನ್ನ ಹೆಸರೇ ಮೊದಲು ಕಣೋ" ಎಂದು ಹಂಗಿಸಿದರೆ, "ನನ್ನದು ಪಟ್ಟಿಯಲ್ಲಾದ್ರೂ ಇದೆ. ನಿನ್ನದು ಎಲ್ಲಿದೆ ಹೇಳು?" ಎನ್ನುತ್ತಿದ್ದ.

ಹೋದ ತಿಂಗಳು ಅವನು ತೀರಿಕೊಂಡ. ಜಗಳಕ್ಕೆ ಜನವಿಲ್ಲದೆ ನನ್ನ ಸಂಜೆಗಳು ಉದ್ದವಾಗಿವೆ.

ಅಂಗಡಿಯ ಬಾಡಿಗೆ ಕರಾರು ಅವನ ಹೆಸರಿನಲ್ಲಿತ್ತು. ಕಟ್ಟಡದ ಕಚೇರಿಯಿಂದ ನೋಟಿಸು ಬಂತು: ತಿಂಗಳ ಕೊನೆಯೊಳಗೆ ಹೊಸ ಕರಾರಾಗಬೇಕು, ಹೊಸ ಬಾಡಿಗೆದಾರರ ಕ್ರೆಡಿಟ್ ಸ್ಕೋರ್ ಚೆನ್ನಾಗಿರಬೇಕು, ಇಲ್ಲವಾದರೆ ಚೆನ್ನಾಗಿರುವ ಜಾಮೀನುದಾರರು ಬೇಕು, ಎರಡೂ ಇಲ್ಲದಿದ್ದರೆ ಅಂಗಡಿ ಖಾಲಿ ಮಾಡಬೇಕು. ಆ ಅಂಗಡಿ ಹೋದರೆ ಅವನ ಹೆಂಡತಿಗೆ, ನಾನು ತಂಗಿ ಎಂದೇ ಕರೆಯುವವಳಿಗೆ, ಅನ್ನದ ದಾರಿಯೇ ಇಲ್ಲ.

"ತಂಗೀ, ನಾನು ಬದುಕಿರುವಾಗ ನೀನು ಆ ಕಚೇರಿಯ ಮೆಟ್ಟಿಲು ಹತ್ತೋದೇ? ಕೂತ್ಕೋ!" ಎಂದು ಗುಡುಗಿದೆ.

"ಅಣ್ಣಾ, ಅದು ಹಾಗಲ್ಲ..."

"ಮಾತೇ ಬೇಡ! ಜಾಮೀನು ನನ್ನದು!"

ಎದೆಯುಬ್ಬಿಸಿ ಹೋದೆ. ಕಚೇರಿಯ ಹುಡುಗಿ ಕಂಪ್ಯೂಟರಿನಲ್ಲಿ ನನ್ನನ್ನು ಹುಡುಕಿದಳು. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಹುಡುಕಿದಳು.

"ಸರ್, ನಿಮ್ಮ ಸ್ಕೋರ್ ಬರ್ತಾ ಇಲ್ಲ."

"ಸೊನ್ನೆಯೇನಮ್ಮಾ?"

"ಸೊನ್ನೆ ಬಂದಿದ್ರೆ ಏನೋ ಒಂದು ಬಂತು ಅನ್ನಬಹುದಿತ್ತು. ಇದು ಖಾಲಿ. ನೀವು ಸಾಲವನ್ನೇ ಮಾಡಿಲ್ವಲ್ಲ."

"ಸಾಲ ಮಾಡದವನಿಗಿಂತ ಯೋಗ್ಯ ಇನ್ಯಾರು ಬೇಕು?"

"ಯೋಗ್ಯರೇ ಸರ್. ಆದ್ರೆ ಕಂಪ್ಯೂಟರ್ ಲೆಕ್ಕದಲ್ಲಿ ನೀವಿನ್ನೂ ಹುಟ್ಟೇ ಇಲ್ಲ."

ಮನೆಗೆ ಬಂದು ಹೇಳಿದರೆ ಹೆಂಡತಿ ತರಕಾರಿ ಹೆಚ್ಚುವುದನ್ನು ನಿಲ್ಲಿಸದೆ ಅಂದಳು: "ಹುಟ್ಟದೇ ಇರೋರ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ನಲ್ಲ, ನನ್ನ ಸ್ಕೋರ್ ಎಷ್ಟಿರಬೇಡ!"

ಸರಿ, ಹುಟ್ಟಿಯೇ ಬಿಡೋಣ ಎಂದು ಸಂಕಲ್ಪ ಮಾಡಿದೆ! ಹುಟ್ಟಲು ಸಾಲ ಬೇಕು, ಸಾಲಕ್ಕೆ ಸಾಮಾನು ಬೇಕು. ನೆಟ್ಟಗೆ ಹೋಗಿ ಕಂತಿನಲ್ಲಿ ಬಟ್ಟೆ ಒಗೆಯುವ ಯಂತ್ರ ತಂದೆ. ಸ್ಕೋರ್ ಇಲ್ಲದವನಿಗೆ ಬಡ್ಡಿ ಜಾಸ್ತಿಯಂತೆ! ಅದಕ್ಕೂ ತಲೆಯಾಡಿಸಿದೆ. ಯಂತ್ರವೋ ಬಚ್ಚಲ ಬಾಗಿಲಲ್ಲಿ ತೂರಲಿಲ್ಲ. ನಡುಮನೆಯಲ್ಲೇ ಗಂಭೀರವಾಗಿ ನಿಂತುಕೊಂಡಿತು.

ಆದರೆ ಅಭ್ಯಾಸಬಲ ನೋಡಿ! ಬೆಳಗ್ಗೆ ಎದ್ದು ಅದರ ಮುಖ ನೋಡಿದೊಡನೆ, ಬೇರೆಯವರ ದುಡ್ಡು ನಮ್ಮ ಮನೆಯಲ್ಲಿ ನಿಂತಿದೆಯಲ್ಲಾ ಎಂದು ಮೈಯೆಲ್ಲ ಮುಳ್ಳಾಯಿತು. ಯಂತ್ರ ಕೊಟ್ಟ ಅಂಗಡಿಗೆ ಓಡಿ ಪೂರ್ತಿ ಸಾಲ ಚುಕ್ತಾ ಮಾಡಿಬಿಟ್ಟೆ!

"ಏನು ಮಾಡಿದ್ರಿ ಸಾರ್!" ಅಂಗಡಿಯವನು ತಲೆ ಮೇಲೆ ಕೈಹೊತ್ತ. "ಒಂದು ಕಂತೂ ಕಟ್ಟದೆ ತೀರಿಸಿದ್ರೆ ಸ್ಕೋರ್ ಎಲ್ಲಿಂದ ಬರಬೇಕು? ಮೇಲೆ ಅವಧಿಗೆ ಮುಂಚೆ ತೀರಿಸಿದ್ದಕ್ಕೆ ದಂಡ ಬೇರೆ!"

"ಕೊಡದವರಿಗೂ ದಂಡ, ಕೊಟ್ಟವರಿಗೂ ದಂಡ. ಚೆನ್ನಾಗಿದೆ ಲೋಕ" ಎಂದಳು ನನ್ನವಳು, ಯಂತ್ರದ ಮೇಲೆ ಮಡಿಸಿದ ಬಟ್ಟೆ ಒಟ್ಟುತ್ತ. ಒಗೆದದ್ದು ಮಾತ್ರ ಕೈಯಲ್ಲೇ.

ಗಡುವಿನ ಕೊನೆಯ ದಿನ ತಲೆ ತಗ್ಗಿಸಿಕೊಂಡು ತಂಗಿಯ ಜೊತೆ ಕಚೇರಿಗೆ ಹೋದೆ. ಕಾಲು ಹಿಡಿದಾದರೂ ಇನ್ನಷ್ಟು ಗಡುವು ಕೇಳೋಣವೆಂದು. ಹುಡುಗಿ ಸುಮ್ಮನೆ ತಂಗಿಯ ಹೆಸರು ಒತ್ತಿದಳು. ಕಣ್ಣರಳಿಸಿದಳು.

"ಮೇಡಂ, ಇಷ್ಟು ಒಳ್ಳೇ ಸ್ಕೋರ್ ನಮ್ಮ ಮಾಲೀಕರಿಗೇ ಇಲ್ಲ! ನಿಮಗೆ ಜಾಮೀನು ಯಾಕೆ?"

"ಅದನ್ನ ಇವರನ್ನೇ ಕೇಳಮ್ಮಾ" ಎಂದಳು ತಂಗಿ. "ನಮ್ಮವರು ತಾರೀಖು ಮರೀತಾರೆ ಅಂತ ಮನೆಯ ಕಂತೆಲ್ಲ ನನ್ನ ಹೆಸರಲ್ಲೇ ಇತ್ತು. ಸಾಮಾನು ಆರಿಸೋದು ಅವರು, ಸಾಲ ತೀರಿಸೋದು ನಾನು. ಹೇಳೋಕೆ ಬಂದೆ, ಅಣ್ಣ ಕೂತ್ಕೋ ಅಂದರು. ಕೂತೆ."

ಇನ್ನೊಬ್ಬರ ಬರಹದಲ್ಲಿ ಬಿಟ್ಟುಹೋದ ಚುಕ್ಕೆ ಹುಡುಕಿ ಹೊಟ್ಟೆ ಹೊರೆಯುವ ನಾನು ನೋಟಿಸಿನ ಅರ್ಧ ವಾಕ್ಯ ಹಾರಿ ಜಾಮೀನಿನ ಮೇಲೆ ಬಿದ್ದಿದ್ದೆ! ಬಾಡಿಗೆದಾರಳಿಗೇ ಸ್ಕೋರ್ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಕರಾರಿಗೆ ಸಹಿಯಾಯಿತು. ಅಂಗಡಿಗೆ ಮರಳಿದಾಗ ತಂಗಿ ಒಳಗಿನಿಂದ ಒಂದು ಫೋಟೋ ತಂದು ಮೇಜಿನ ಮೇಲಿಟ್ಟಳು. ಅವನೇ. ಆ ಸಾಲದ ಕನ್ನಡಕ ಹಾಕಿಕೊಂಡು ನಗುತ್ತಿದ್ದಾನೆ. ಕಟ್ಟು ಅವಳೇ ಹಾಕಿದ್ದು. "ನಿಮ್ಮ ಮನೆಗೆ" ಎಂದಳು.

ದುಡ್ಡು ಎಣಿಸಲು ಜೇಬಿಗೆ ಕೈಹಾಕಿದೆ.

"ಒಳಗಿಡಿ ಅಣ್ಣಾ. ಕಂತಲ್ಲೇ ಕೊಡಿ. ಅವರಿಲ್ಲ ಅಂತ ನೀವು ಈ ಕಡೆ ಬರೋದು ಬಿಡಬಾರದು."

ತಲೆಯಾಡಿಸಿ ಫೋಟೋ ಎತ್ತಿಕೊಳ್ಳಲು ಹೋದೆ. ಅವಳು ಅದರ ಮೇಲೆ ಕೈಯಿಟ್ಟಳು.

"ಹಾಗೇ ಒಯ್ಯೋ ಹಾಗಿಲ್ಲ! ಸ್ಕೋರ್ ಇಲ್ಲದವರನ್ನ ಹೇಗೆ ನಂಬೋದು? ಹೋಗಿ, ಜಾಮೀನಿಗೆ ಅತ್ತಿಗೇನ ಕರ್ಕೊಂಡು ಬನ್ನಿ!"