ಮಾದಿಹಳ್ಳಿ ಮನೆಯಲ್ಲಿ ರೋಮಿನ ಚಕ್ರವರ್ತಿ

ಮಾದಿಹಳ್ಳಿಯಲ್ಲಿ ಕೂತು ರೋಮಿನ ಆಗಸ್ಟಸ್ ಚಕ್ರವರ್ತಿಯ ಮೇಲೆ ಕಾದಂಬರಿ ಬರೆಯುವವಳಿಗೆ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ಇವುಗಳಲ್ಲಿ ಕೊನೆಯದನ್ನು ನಾನು ಕಣ್ಣಾರೆ ಕಾಣಲಿಲ್ಲ; ಮೊದಲು ನನಗೆ ಹೇಳಿದವಳು ನನ್ನ ವಾರಗಿತ್ತಿ.

೧. ಪಕ್ಕದ ಊರು

ಹಾಸನದ ಪ್ರಕಾಶಕರು ಮೊದಲ ಭೇಟಿಯಲ್ಲೇ ಕೇಳಿದರು: "ಅಲ್ರೀ ಮೇಡಂ, ನಿಮ್ಮೂರಿಗೆ ಹಳೇಬೀಡು ಕೂಗಿದ್ರೆ ಕೇಳೋವಷ್ಟು ಹತ್ರ ಐತೆ. ಅದನ್ನ ಬಿಟ್ಟು ರೋಮಿಗ್ಯಾಕೆ ಹೋದ್ರಿ?"

"ಹೊಯ್ಸಳರ ಮೇಲೆ ಬರೆದ್ರೆ ತಪ್ಪು ಹಿಡಿಯೋಕೆ ಬೇಲೂರಿಂದ ಬಾಣಾವರದವರೆಗೂ ಜನ ಇದ್ದಾರೆ ಸರ್. ರೋಮಿನೋರು ಯಾರೂ ಬಸ್ಸು ಹತ್ತಿ ಜಗಳಕ್ಕೆ ಬರಲ್ಲ."

ನಕ್ಕರು. ಆದರೆ, "ಬರೆದು ತನ್ನಿ. ಆ ರಾಜ ನಮ್ಮೋನು ಅಂತ ನಮ್ಮ ಕಡೆ ಜನಕ್ಕೆ ಅನ್ನಿಸಿದ್ರೆ ಅಚ್ಚು ಹಾಕ್ತೀನಿ, ಇಲ್ಲಾಂದ್ರೆ ಇಲ್ಲ" ಎಂದರು. ತಪ್ಪು ಹಿಡಿಯುವವರು ನಮ್ಮ ನಡುಮನೆಯಲ್ಲೇ ಕೂತಿದ್ದಾರೆಂದು ನನಗಾಗ ಗೊತ್ತಿರಲಿಲ್ಲ.

೨. ಮಲಗಿ ಉಣ್ಣುವವನು

ಬರೆದದ್ದನ್ನು ದಿನಾ ಅತ್ತೆಗೆ ಓದಿ ಹೇಳುತ್ತಿದ್ದೆ. ಅವರು ಅವರೆಕಾಯಿ ಬಿಡಿಸುತ್ತಾ ಕೇಳುವರು. ಮಂಚದ ಮೇಲೆ ಒರಗಿಕೊಂಡೇ ಉಣ್ಣುವುದು ರೋಮಿನ ಸಿರಿವಂತರ ಪದ್ಧತಿ. ಆ ಔತಣವನ್ನೇ ಏಳು ಪುಟ ಬರೆದಿದ್ದೆ: ನವಿಲಿನ ಮಾಂಸ, ದ್ರಾಕ್ಷಾರಸ, ಸಂಗೀತ. ಎಲ್ಲ ಕೇಳಿದ ಅತ್ತೆ, "ಮಲಿಕ್ಕಂಡೇ ಉಣ್ತಾವ್ನೆ ಅಂದ್ರೆ ಮೈಗೆ ಹುಷಾರಿಲ್ಲ. ಅಂಥೋನಿಗೆ ನವಿಲು ಕೊಡ್ತಾರೇನೆ? ರಾಗಿ ಗಂಜಿ ಕೊಡ್ಸು" ಎಂದರು.

೩. ಅಂಜೂರ

ಹೆಂಡತಿಯೇ ಮರದಲ್ಲಿದ್ದ ಅಂಜೂರಕ್ಕೆ ವಿಷ ಸವರಿ ಚಕ್ರವರ್ತಿಯನ್ನು ಕೊಂದಳೆಂಬ ಹಳೇ ವದಂತಿಯೊಂದಿದೆ. ಅದನ್ನು ಬಳಸಿಕೊಂಡಿದ್ದೆ. ವಿಷ ಸವರುವ ಭಾಗ ಬಂದಾಗ ಅತ್ತೆ ತಡೆದರು.

"ತೋಟ ನೋಡಿದೀಯೇನೆ ನೀನು? ಗಂಡ ಬರೋಕ್ ಮುಂಚೆ ಅಳಿಲು ಬತ್ತದೆ. ಮರದ ಕೆಳಗೆ ಸತ್ತ ಅಳಿಲು ನೋಡಿದೋನು ಆ ಹಣ್ಣು ತಿಂತಾನಾ?"

ಯಾವ ಪಂಡಿತರಾದರೂ ಇದನ್ನು ಕೇಳಿದ್ದರೋ ಇಲ್ಲವೋ ನಾ ಕಾಣೆ. ಹರಿದು ಮತ್ತೆ ಬರೆದೆ. ಈಗ ನನ್ನ ಮಹಾರಾಣಿ ಅಳಿಲು ಓಡಿಸಲೆಂದೇ ಒಬ್ಬ ಕಾವಲಿನವನನ್ನು ಇಟ್ಟಿದ್ದಾಳೆ. ಅತ್ತೆ ತಲೆದೂಗಿದರು: "ಈಗ ಕೊಲೆ ಸಂಚು ಚೆನ್ನಾಗೈತೆ."

೪. ಫೋನು

ಬರೆದು ಮುಗಿಸಿ ಹಾಸನಕ್ಕೆ ಹೋದೆ. ಕೊನೆಯ ಅಧ್ಯಾಯದ ಇನ್ನೊಂದು ಪ್ರತಿ ಮನೆಯಲ್ಲೇ ಇತ್ತು. ನಾನಿಲ್ಲವೆಂದು ಓದು ನಿಲ್ಲಬಾರದಲ್ಲ, ಅತ್ತೆ ವಾರಗಿತ್ತಿಯನ್ನು ಓದಲು ಕೂರಿಸಿಕೊಂಡಿದ್ದರಂತೆ. ಇತ್ತ ಹಾಸನದಲ್ಲಿ ಪ್ರಕಾಶಕರು ಹಾಳೆ ತಿರುವಿ, "ಭಾಷೆ ಚೆನ್ನಾಗಿದೆ, ಆದ್ರೆ..." ಎನ್ನುವಷ್ಟರಲ್ಲಿ ಅವಳ ಫೋನು ಬಂತು.

"ಅಕ್ಕಾ, ಊಟ ಅಲ್ಲೇ ಮಾಡ್ಕೊಂಡು ಬನ್ನಿ. ಇಲ್ಲಿ ಒಲೆ ಹಚ್ಚಿಲ್ಲ. ಅತ್ತೆ ತಲೆಗೆ ನೀರು ಹಾಕ್ಕೊಂಡು ಕೂತವ್ರೆ. ಸೂತಕವಂತೆ."

ನಾನು ಕೂಗಿಯೇಬಿಟ್ಟೆ: "ಅಯ್ಯೋ, ಯಾರೇ ಹೋದ್ರು?"

"ಅವ್ನೇ, ನಿಮ್ ಚಕ್ರವರ್ತಿ. ಈಗ ತಾನೆ ಓದಿ ಮುಗಿಸ್ದೆ. ಆರು ತಿಂಗ್ಳು ನಮ್ಮನೇಲಿದ್ದೋನು, ಅವ್ನು ಹೋದ ದಿನಾನೇ ಒಗ್ಗರಣೆ ಹಾಕ್ತೀಯಾ ಅಂತ ನನ್ನ ಬೈತಾವ್ರೆ. ಮಾವನ್ನೂ ಸ್ನಾನಕ್ಕೆ ಎಬ್ಬಿಸವ್ರೆ."

ಗಾಬರಿಯಿಂದ ಎದ್ದು ನಿಂತಿದ್ದ ಪ್ರಕಾಶಕರಿಗೆ ವಿಷಯ ಹೇಳಿದೆ. ನಗಲಿಲ್ಲ. ಕೂತರು. ಹಸ್ತಪ್ರತಿಯನ್ನು ಡ್ರಾಯರಿನೊಳಗಿಟ್ಟು ಬೀಗ ಹಾಕಿ, ಗಂಭೀರವಾಗಿ ಹೇಳಿದರು: "ಹನ್ನೊಂದನೇ ದಿನಕ್ಕೆ ಅಚ್ಚಾಗಲ್ಲ ಮೇಡಂ. ವರ್ಷದ ತಿಥಿಗೆ ಪುಸ್ತಕ ಬಂದ್ರೆ ನಡೆಯುತ್ತಾ, ಅತ್ತೆಯವರನ್ನ ಒಂದು ಮಾತು ಕೇಳಿ."

ಇದನ್ನು ನೀವೂ ನಾಲ್ಕು ಜನಕ್ಕೆ ಹೇಳಿ. ಹೇಳುವಾಗ ಮಾತ್ರ ಅತ್ತೆಯ ವಿಷಯ ಮೊದಲು ಹೇಳಿ, ನನ್ನದು ಆಮೇಲೆ.