ಫ್ರೆಂಚ್ ಕಾದಂಬರಿಕಾರನ ಎದೆನೋವು

ಕಾಣದ ಊರಿನ ಮನುಷ್ಯನ ಬಗ್ಗೆ ಏನು ಬರೆದರೂ ನಡೆಯುತ್ತದೆ ಎಂದು ನಂಬಿದವನು ನಾನು. ನನ್ನ ನೆನಪು ಸದಾ ನನ್ನ ಕಡೆಗೇ ವಾಲುವ ತಕ್ಕಡಿ. ಅದಕ್ಕೇ ದಿನಚರಿ ಬರೆದಿಡುತ್ತೇನೆ. ಈ ಪ್ರಸಂಗದಲ್ಲಿ ಅದೂ ನನ್ನ ಮಾನ ಉಳಿಸಲಿಲ್ಲ.

ಮದರಾಸಿನ ಕಾಲೇಜಿನಲ್ಲಿ ಒಂದಿಷ್ಟು ಫ್ರೆಂಚ್ ಕಲಿತು ಊರಿಗೆ ಮರಳಿದ್ದೆ. ನಿಜಾಮರ ಕಲಬುರ್ಗಿಯಲ್ಲಿ ಕಚೇರಿಗೆ ಉರ್ದು, ಮನೆಗೆ ಕನ್ನಡ ಸಾಕು. ಫ್ರೆಂಚ್ ಯಾರಿಗೆ ಬೇಕು? ಪಾಂಡಿಚೇರಿಯ ಗೆಳೆಯನೊಬ್ಬ ಪ್ಯಾರಿಸ್ಸಿನ ಹಳೆಯ ಪತ್ರಿಕೆಗಳ ಕಟ್ಟು ಕಳಿಸುತ್ತಿದ್ದ. ಅದರಲ್ಲಿ ಕಾದಂಬರಿಕಾರನೊಬ್ಬನ ಅಂಕಣವಿರುತ್ತಿತ್ತು. ಅವನ ಮೊದಲ ಪುಸ್ತಕವನ್ನು ಯಾರೂ ಕೊಳ್ಳದ್ದು, ಗುಮಾಸ್ತಿಕೆ ಬಿಟ್ಟದ್ದು, ಈಗ ಪ್ರಕಾಶಕರು ಬಾಗಿಲು ಕಾಯುವುದು, ಎಲ್ಲವನ್ನೂ ನಾನು ಧಾರವಾಡದ ವಾರಪತ್ರಿಕೆಗೆ ಬರೆಯತೊಡಗಿದೆ. ಕಮಲಾಪುರದಲ್ಲಿ ನನ್ನ ಅಕ್ಕ ಅದನ್ನು ಭಾವನಿಂದ ಓದಿಸಿ ಕೇಳುತ್ತಿದ್ದಳು.

ಒಮ್ಮೆ ಕಟ್ಟು ಬರಲಿಲ್ಲ. ಬರೆಯಲು ಏನೂ ಇಲ್ಲದೆ ಕಾದಂಬರಿಕಾರನಿಗೆ ಎದೆನೋವು ತರಿಸಿದೆ. ಮರುವಾರ ಇಬ್ಬರು ವೈದ್ಯರನ್ನು ಕರೆಸಿದೆ. ಮೂರನೆಯ ವಾರ ಅವರೂ ಕೈಚೆಲ್ಲಿದರು. ಬರವಣಿಗೆ ಚೆನ್ನಾಗಿ ಬಂದಿತ್ತು.

ಆಗ ಅಕ್ಕ ಚಕ್ಕಡಿಯಲ್ಲಿ ಬಂದಿಳಿದಳು, ಕಂಕುಳಲ್ಲಿ ಬಾಳೆಹಣ್ಣಿನ ಬುಟ್ಟಿ.

“ಅಂವ ಹ್ಯಾಂಗಿದ್ದಾನೋ?”

“ಯಾರಕ್ಕಾ?”

“ಯಾರಂತ ಕೇಳ್ತಾನ ನೋಡು! ನಿನ್ನ ಫ್ರಾನ್ಸಿನಾಂವ. ಅಂವ ಎದ್ದು ಕುಂದ್ರೋತನಾ ಕೆಂಪು ಬಾಳಿಹಣ್ಣು ಮುಟ್ಟಂಗಿಲ್ಲಂತ ಶರಣಬಸಪ್ಪಗ ಬೇಡ್ಕೊಂಡೀನಿ.”

ತನ್ನ ತೋಟದ ಕೆಂಪು ಬಾಳೆಹಣ್ಣಿಲ್ಲದೆ ಊಟ ಮುಗಿಸದವಳು ಅಕ್ಕ. ನಿಜ ಹೇಳಲೆಂದೇ ಬಾಯಿ ತೆರೆದೆ. “ಆರಾಮ ಆಗ್ಯಾನಕ್ಕಾ, ನಿನ್ನೆ ಪ್ಯಾರಿಸ್ಸಿನಿಂದ ತಾರು ಬಂತು” ಎಂದುಬಿಟ್ಟೆ.

“ತಾರು ಕೊಟ್ಟಾನ? ಎಷ್ಟು ದೊಡ್ಡ ಮನುಷ್ಯಾನೋ ತಮ್ಮಾ!”

ಶರಣಬಸಪ್ಪನ ಗುಡಿಗೆ ಹೋಗಿ ಕಾಯಿ ಒಡೆಸಿದೆವು. ಯಾರ ಹೆಸರಿನಲ್ಲಿ ಎಂದು ಪೂಜಾರಿ ಕೇಳಿದಾಗ, “ನಮ್ಮ ತಮ್ಮನ ಗೆಳ್ಯಾರಿ, ದೂರದಾಂವ” ಎಂದಳು. ಅಂಗಳದಲ್ಲಿ ಕೂತು ಹಣ್ಣು ಸುಲಿದು, “ಮೊದಲ ನೀ ತಿನ್ನು. ನೀ ತಿಳಸಲಿಲ್ಲಂದ್ರ ಅಂವಗ ಆರಾಮಿಲ್ಲದ್ದು ನನಗ ಹ್ಯಾಂಗ ಗೊತ್ತಾಗ್ತಿತ್ತು?” ಎಂದು ಮುಂದೆ ಹಿಡಿದಳು.

ಹಣ್ಣನ್ನು ಅವಳ ಕಡೆಗೇ ಸರಿಸಿದೆ. “ಹೊಟ್ಟಿ ಸರಿ ಇಲ್ಲಕ್ಕಾ.”

ಅಕ್ಕ ಸಿಪ್ಪೆಯನ್ನು ಹಾಗೇ ಮುಚ್ಚಿ ಬುಟ್ಟಿಗಿಟ್ಟಳು. “ಹಂಗಾದ್ರ ನೀ ಆರಾಮ ಆಗೋತನಾ ನಾನೂ ಒಲ್ಲೆ.”

ಗಬಗಬನೆ ಎರಡು ಹಣ್ಣು ತಿಂದೆ. ಅವಳೂ ತಿಂದಳು, ಕಣ್ಣು ಮುಚ್ಚಿ.

ಮುಂದಿನ ವಾರ ಪಾಂಡಿಚೇರಿಯ ಕಟ್ಟು ಬಂತು. ಅಂಕಣ ಓದಿದರೆ, ಆ ಪುಣ್ಯಾತ್ಮ ಗುಂಡುಕಲ್ಲಿನಂತಿದ್ದ. ಹೊಸ ಕಾದಂಬರಿಯನ್ನೂ ಮುಗಿಸಿದ್ದ. ಇದನ್ನೆಲ್ಲ ಸರಿಯಾಗಿ ಬರೆಯೋಣವೆಂದು ಇಂದು ದಿನಚರಿ ತೆರೆದರೆ, ಆ ದಿನದ ಪುಟದಲ್ಲಿ ಎರಡೇ ಸಾಲು: “ಅಕ್ಕ ಬಂದಿದ್ದಳು. ನನಗೆ ಹೊಟ್ಟೆ ಸರಿಯಿರಲಿಲ್ಲ.”